ಬೇರೆ ದಾರಿ ಇತ್ತೇ?

ನಡೆದುಹೋದದ್ದರ ಬಗ್ಗೆ ತೀರ್ಪು ಹೇಳಲು ನಮಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೊನೆಗೆ ಏನಾಯಿತೆಂಬುದು ಗೊತ್ತಿರುತ್ತದೆ. ಆ ಕೊನೆಯಿಂದ ಹಿಂದಕ್ಕೆ ಓದಿಕೊಂಡು ಬಂದರೆ ಪ್ರತಿಯೊಬ್ಬರ ತಪ್ಪೂ ಎದ್ದು ಕಾಣುತ್ತದೆ. ನೆಪೋಲಿಯನ್ 1812ರಲ್ಲಿ ಮಾಸ್ಕೋಗೆ ಹೊರಡಲೇಬಾರದಿತ್ತು. ಫ್ರೆಂಚ್ ಸೇನಾಪತಿಗಳು 1940ರಲ್ಲಿ ಆರ್ಡೆನ್ ಕಾಡಿನ ಮೇಲೆ ಒಂದು ಕಣ್ಣಿಡಬೇಕಿತ್ತು. ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ವಿಜಯನಗರದ ರಾಮರಾಯ ಹಾಗೆ ಮಾಡದೆ ಹೀಗೆ ಮಾಡಿದ್ದರೆ... ಇಂಥ ಮಾತು ಅರಳಿಕಟ್ಟೆಯಲ್ಲೂ ಸಲೀಸು, ಟಿವಿ ಸ್ಟುಡಿಯೋದಲ್ಲೂ ಸಲೀಸು. ಹೇಳುವವರಿಗೆ ಖರ್ಚಿಲ್ಲ, ಹೇಳಿಸಿಕೊಂಡವರು ಎದ್ದು ಬಂದು ಉತ್ತರ ಕೊಡುವುದಿಲ್ಲ.

ಈ ಸಲೀಸುತನಕ್ಕೆ ಕಡಿವಾಣ ಹಾಕುವ ಕೆಲಸವೊಂದನ್ನು ಕೆಲವು ಹವ್ಯಾಸಿಗಳು ಸುಮಾರು ಮೂವತ್ತು ವರ್ಷಗಳಿಂದ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಅವರು ಕಂಪ್ಯೂಟರ್ ಗೇಮು ಆಡುವವರು. ಆಡುವುದರ ಜೊತೆಗೆ, ಚರಿತ್ರೆಯ ಒಂದು ಗಳಿಗೆಯನ್ನು ಆರಿಸಿಕೊಂಡು, ಅದನ್ನು ಆಡಲು ಬರುವಂತೆ ಕಟ್ಟುತ್ತಾರೆ. ಹೀಗೆ ಕಟ್ಟಿದ್ದನ್ನು ಅವರು ಸಿನಾರಿಯೊ ಎನ್ನುತ್ತಾರೆ. ಅದಕ್ಕೆ ಸಂಬಳವಿಲ್ಲ, ಹೆಚ್ಚಿನವರಿಗೆ ಹೆಸರೂ ಇಲ್ಲ. ಬಹುಪಾಲು ಜನ ಗುಪ್ತನಾಮದಲ್ಲೇ ಉಳಿದುಹೋಗುತ್ತಾರೆ.

ಸರದಿಯ ಮೇಲೆ ಆಡುವ ತಂತ್ರದಾಟಗಳಲ್ಲಿ ದೊಡ್ಡ ಹೆಸರು ಸಿವಿಲೈಸೇಶನ್. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಮೊದಲ ಆಟ 1991ರಲ್ಲಿ ಬಂತು. ಬ್ರಯಾನ್ ರೆನಾಲ್ಡ್ಸ್ ಮುಂದೆ ನಿಂತು ಮಾಡಿದ ಎರಡನೆಯದು 1996ರಲ್ಲಿ. ಆಟ ಶುರುವಾಗುವುದು ಕ್ರಿಸ್ತಪೂರ್ವ 4000ದಲ್ಲಿ, ನೆಲೆ ಹುಡುಕುವ ಒಂದು ಸಣ್ಣ ಗುಂಪಿನಿಂದ. ಅಲ್ಲಿಂದ ಮುಂದೆ ಊರು ಕಟ್ಟುವುದು, ವಿದ್ಯೆ ಕಲಿಯುವುದು, ನೆರೆಯವರೊಡನೆ ಒಪ್ಪಂದ, ಇಲ್ಲವೇ ಯುದ್ಧ. ನೀವು ನಿಮ್ಮ ಎಲ್ಲ ಕೆಲಸ ಮುಗಿಸುವ ತನಕ ಎದುರಾಳಿ ಕಾಯುತ್ತಾನೆ. ಒಂದು ಸರದಿಗೆ ಒಂದು ಗಂಟೆ ಯೋಚಿಸಿದರೂ ಬೇಡವೆನ್ನುವವರಿಲ್ಲ. ಎರಡನೆಯ ಆಟದ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಆರಂಭವೂ ಇತ್ತು: ರೋಮ್ ಸಾಮ್ರಾಜ್ಯದ ಉದಯ ಮತ್ತು ಯುರೋಪಿನ ಎರಡನೆಯ ಮಹಾಯುದ್ಧ ಎಂಬ ಎರಡು ಸಿದ್ಧ ಸಿನಾರಿಯೊಗಳು. ಅಲ್ಲಿ ಊರುಗಳು ಆಗಲೇ ಎದ್ದಿರುತ್ತವೆ, ಸೈನ್ಯ ಗಡಿಯಲ್ಲಿ ನಿಂತಿರುತ್ತದೆ, ಸ್ನೇಹ-ವೈರ ಆಗಲೇ ನಿಗದಿಯಾಗಿರುತ್ತದೆ. ಅಂಥದ್ದನ್ನು ಆಟಗಾರರೂ ಮಾಡಿಕೊಳ್ಳಬಹುದೆಂದು ಕಂಪನಿ ಬಾಗಿಲು ತೆರೆದಿಟ್ಟಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಅಲೆಕ್ಸಾಂಡರ್, ಮಂಗೋಲರು, ನೆಪೋಲಿಯನ್, ಅಮೆರಿಕದ ಅಂತರ್ಯುದ್ಧ, ಪೆಸಿಫಿಕ್ ಸಾಗರದ ಕದನಗಳು, ಎಲ್ಲವೂ ಹವ್ಯಾಸಿಗಳ ಕೈಯಿಂದ ಬರತೊಡಗಿದವು.

ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಸ್ವಲ್ಪ ನಿರಾಸೆಯೇ ಆದೀತು. ಆಟದ ನಿಯಮಗಳೆಲ್ಲ ಇರುವುದು ಒಂದು ಸಾದಾ ಪಠ್ಯದ ಫೈಲಿನಲ್ಲಿ. ನೋಟ್‌ಪ್ಯಾಡ್‌ನಲ್ಲೇ ತೆರೆದು ತಿದ್ದಬಹುದು. ರೋಮನ್ ಲೀಜನ್ ಎಂದರೆ ಅಲ್ಲಿ ಒಂದು ಸಾಲು ಅಷ್ಟೆ: ದಾಳಿಗೆ 4, ರಕ್ಷಣೆಗೆ 2, ನಡಿಗೆಗೆ 1, ತಯಾರಿಸಲು ತಗಲುವ ಖರ್ಚು, ಯಾವ ವಿದ್ಯೆ ಬಂದ ಮೇಲೆ ಸಿಗುತ್ತದೆ ಎನ್ನುವ ಗುರುತು. ಆ ಸಾಲಿನಲ್ಲಿ ಹೆದರಿಕೆಗೆ ಅಂಕಿಯಿಲ್ಲ, ಮನೆಯ ನೆನಪಿಗೆ ಅಂಕಿಯಿಲ್ಲ. ಇನ್ನೊಂದು ಫೈಲಿನಲ್ಲಿ ಘಟನೆಗಳು. ‘ಇಂಥ ಸರದಿ ಬಂದರೆ’, ‘ಇಂಥ ಊರು ಕೈಬಿಟ್ಟರೆ’ ಎಂದು ಒಂದು ಷರತ್ತು. ‘ಆಗ ಇಷ್ಟು ಸೈನ್ಯ ಹುಟ್ಟಲಿ’, ‘ಈ ಸುದ್ದಿ ತೆರೆಯ ಮೇಲೆ ಬರಲಿ’, ‘ಖಜಾನೆಯಿಂದ ಇಷ್ಟು ಹಣ ಹೋಗಲಿ’ ಎಂದು ಅದರ ಫಲ. ‘ಇದು ಒಮ್ಮೆ ಮಾತ್ರ’ ಎಂದು ಬೇರೆಯಾಗಿ ಒಂದು ಸಾಲು ಬರೆಯದಿದ್ದರೆ, ಷರತ್ತು ಕೂಡಿಬಂದಾಗಲೆಲ್ಲ ಅದೇ ಘಟನೆ ಮತ್ತೆ ನಡೆಯುತ್ತದೆ. ಪ್ಯಾರಿಸ್ ಮೂರು ಸಲ ಕೈಬದಲಾದರೆ ಮೂರು ಸಲವೂ ಅದೇ ಶೋಕದ ಸಂದೇಶ. ಸಾಲಿಗೆ ಸಾಲು ಕೂಡಿಸಿ, ಬೇರೆ ಬೇರೆ ಬದಿಯಿಂದ ಆಡಿ ನೋಡಿ, ತಿದ್ದಿ, ಮತ್ತೆ ಆಡಿ, ತಿಂಗಳುಗಟ್ಟಲೆ ಕೂತು ಇದನ್ನು ಮಾಡುತ್ತಾರೆ.

ಇಷ್ಟೆಲ್ಲ ಪಾಡು ಪಡುವವರಿಗೆ ಬೇಗನೆ ಒಂದು ವಿಷಯ ಗೊತ್ತಾಗುತ್ತದೆ: ಸಿನಾರಿಯೊಗೆ ಕೊನೆ ಬರೆಯುವಂತಿಲ್ಲ. ಬರೆಯಬಹುದಾದದ್ದು ಆರಂಭವನ್ನು ಮಾತ್ರ. ಯಾರ ಬಳಿ ಏನಿತ್ತು, ಯಾರಿಗೆ ಯಾರ ಮೇಲೆ ನಂಬಿಕೆಯಿತ್ತು, ಯಾವ ದಾರಿಯಲ್ಲಿ ಗಾಡಿ ಹೋಗುತ್ತಿತ್ತು, ಯಾವ ಹೊಳೆ ಯಾವ ತಿಂಗಳು ದಾಟಲು ಬರುತ್ತಿತ್ತು, ಇವನ್ನು ಒಂದೊಂದಾಗಿ ಇಡಬೇಕು. ಇಟ್ಟ ಮೇಲೆ ಎಲ್ಲ ಬದಿಯವರಿಗೂ ಆಡಲು ಕಾರಣ ಇರಬೇಕು. ಒಂದು ಬದಿ ಬರೀ ಸೋಲುವುದಕ್ಕೆಂದೇ ಕೂತಿದ್ದರೆ ಅದು ಆಟವಾಗುವುದಿಲ್ಲ, ಮೆರವಣಿಗೆಯಾಗುತ್ತದೆ.

ಈ ಕೆಲಸವನ್ನು ನೋಡುವಾಗ ನನಗೆ ಹೊಳೆದದ್ದು ತಾಳಮದ್ದಳೆ. ಅಲ್ಲಿ ಕುಣಿತವಿಲ್ಲ, ವೇಷವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತಾಡಬೇಕು. ವಾಲಿವಧೆಯ ಪ್ರಸಂಗದಲ್ಲಿ ವಾಲಿ ಸಾಯುವುದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಹಾಗೆಂದು ವಾಲಿಯ ಅರ್ಥ ಹೇಳುವವನು ಅರೆಮನಸ್ಸಿನಲ್ಲಿ ಮಾತಾಡಿದರೆ ಸಭಿಕರು ಎದ್ದು ಹೋಗುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಅವನು ರಾಮನನ್ನು ಕೇಳುವಾಗ, ಗೆಲ್ಲುವವನು ತಾನೇ ಎಂಬ ಹಾಗೆ ಕೇಳಬೇಕು. ಮುಂದಿನ ವಾರ ಅದೇ ಅರ್ಥಧಾರಿ ರಾಮನ ಕಡೆ ಕೂತು ಅಷ್ಟೇ ಗಟ್ಟಿಯಾಗಿ ಉತ್ತರ ಹೇಳಬೇಕಾದೀತು. ಕಥೆಯ ಕೊನೆ ಗೊತ್ತಿದ್ದೂ ಅದನ್ನು ಪಕ್ಕಕ್ಕಿಟ್ಟು ಪಾತ್ರದ ಒಳಗಿನಿಂದ ಮಾತಾಡುವ ಈ ಶಿಸ್ತು ಬರೀ ಕಲೆಯದ್ದಲ್ಲ, ನ್ಯಾಯದ್ದೂ ಹೌದು. ಒಳ್ಳೆಯ ಸಿನಾರಿಯೊ ಕಟ್ಟುವವನಿಗೂ ಅದೇ ಬೇಕು.

ಆದರೆ ಗೊತ್ತಿರುವುದನ್ನು ಪಕ್ಕಕ್ಕಿಡುವುದು ಹೇಳಿದಷ್ಟು ಸುಲಭವಲ್ಲ. ಆರ್ಡೆನ್ ಕಾಡನ್ನೇ ನೋಡಿ. ಟ್ಯಾಂಕುಗಳ ದೊಡ್ಡ ಪಡೆ ಆ ಗುಡ್ಡಗಾಡಿನ ಕಿರುದಾರಿಗಳಲ್ಲಿ ಬೇಗ ನುಗ್ಗಿ ಬರಲಾರದು ಎಂದು ಫ್ರೆಂಚ್ ಸೇನಾಧಿಕಾರಿಗಳು ನಂಬಿದ್ದರು. 1940ರ ಮೇ ತಿಂಗಳಲ್ಲಿ ಜರ್ಮನ್ ಪಡೆ ಕೆಲವೇ ದಿನಗಳಲ್ಲಿ ಅದನ್ನು ಹಾಯ್ದು ಸೆಡಾನ್ ಬಳಿ ಮ್ಯೂಸ್ ನದಿಗೆ ಬಂತು. ಇವತ್ತು ಫ್ರಾನ್ಸಿನ ಬದಿಯಲ್ಲಿ ಆಡಲು ಕೂತ ಯಾರೇ ಆದರೂ ಮೊದಲ ಸರದಿಯಲ್ಲೇ ಸೈನ್ಯವನ್ನು ಆ ಕಾಡಿನ ಅಂಚಿಗೆ ಕಳಿಸುತ್ತಾರೆ. ಅವರ ತಲೆಯೊಳಗಿನ ತಿಳಿವಳಿಕೆಯನ್ನು ಅಳಿಸುವ ಆಜ್ಞೆ ಯಾವ ಫೈಲಿನಲ್ಲೂ ಇಲ್ಲ. ಹಾಗಾಗಿ ಕಟ್ಟುವವನು ಅವರ ಕೈಯನ್ನು ಕಟ್ಟುತ್ತಾನೆ: ಇಂತಿಷ್ಟು ಸರದಿಯವರೆಗೆ ಈ ಪಡೆಗಳ ನಡಿಗೆ ಸೊನ್ನೆ. ಅಂದು ಸೇನಾಪತಿಗಳ ತಲೆಯಲ್ಲಿದ್ದ ತಪ್ಪು ಅಂದಾಜು ಇಂದು ಆಟಗಾರನ ಕಾಲಿಗೆ ಬೇಡಿಯಾಗುತ್ತದೆ. ಆಡುವವನಿಗೆ ಸಿಟ್ಟು ಬರುತ್ತದೆ. ಬರಲಿ. ಕಾಣುತ್ತಿದ್ದದ್ದನ್ನು ಅವರು ಏಕೆ ಕಾಣಲಿಲ್ಲ ಎಂದು ಕೇಳುವವರು ಒಮ್ಮೆ ಆ ಬೇಡಿ ತೊಟ್ಟು ನೋಡಬೇಕು. ಅವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಇದು ಬೇರೆಯವರ ಯುದ್ಧದ ಮಾತಾಯಿತು. ಅಳತೆ ಕಷ್ಟವಾಗುವುದು ನಮ್ಮದೇ ಗಾಯವನ್ನು ಅಳೆಯುವಾಗ. ರಕ್ಕಸಗಿ-ತಂಗಡಗಿಯ ಬಯಲಿನಲ್ಲಿ ನಡೆದ 1565ರ ಜನವರಿಯ ತಾಳಿಕೋಟೆ ಕದನವನ್ನು ಕನ್ನಡಿಗನೊಬ್ಬ ಸಿನಾರಿಯೊ ಮಾಡಲು ಹೊರಟನೆನ್ನಿ. ಮನಸ್ಸಿನಲ್ಲಿರುವ ಚಿತ್ರ ಎರಡೇ ಬಣ್ಣದ್ದು: ಈ ಕಡೆ ವಿಜಯನಗರ, ಆ ಕಡೆ ಸುಲ್ತಾನರು. ಆದರೆ ಆಟ ಮೊದಲು ಕೇಳುವುದೇ ಒಪ್ಪಂದಗಳ ಪಟ್ಟಿಯನ್ನು: ಯಾರಿಗೆ ಯಾರೊಡನೆ ಸ್ನೇಹ, ಯಾರಿಗೆ ಯಾರೊಡನೆ ಯುದ್ಧ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ನಾಲ್ಕಕ್ಕೂ ಬೇರೆ ಬೇರೆ ಸ್ಥಾನ ಕೊಡಲೇಬೇಕು, ಏಕೆಂದರೆ ಕದನಕ್ಕೆ ಆರೇಳು ವರ್ಷ ಮುಂಚೆ ಅವರು ಒಂದಾಗಿರಲಿಲ್ಲ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮೊದಲು ವರ್ಷಗಟ್ಟಲೆ ವಿಜಯನಗರದಲ್ಲಿ ಆಶ್ರಯ ಪಡೆದವನು. ಬಿಜಾಪುರದ ಅಲಿ ಆದಿಲ್ ಶಾ ರಾಮರಾಯನೊಡನೆ ಕೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದವನು. ಐದನೆಯ ಸುಲ್ತಾನರ ನಾಡಾದ ಬೇರಾರ್ ತಾಳಿಕೋಟೆಗೆ ಬರಲೇ ಇಲ್ಲ. ಕೊನೆಗೆ ಬಿಜಾಪುರ-ಅಹಮದ್‌ನಗರಗಳ ಹಳೆಯ ಹಗೆ ಒಂದು ಮದುವೆಯಿಂದ ಆರಿತು. ಚಾಂದ್ ಬೀಬಿ ಬಿಜಾಪುರದ ಸೊಸೆಯಾಗಿ ಬಂದಳು, ಸೊಲ್ಲಾಪುರ ಬಳುವಳಿಯಾಗಿ ಬಂತು.

ಈ ಪಟ್ಟಿಯನ್ನು ಪ್ರಾಮಾಣಿಕವಾಗಿ ತುಂಬಿದವನ ಎದುರು ಎರಡು ಬಣ್ಣದ ಚಿತ್ರ ನಿಲ್ಲುವುದಿಲ್ಲ. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಗೆಲ್ಲುತ್ತ ಬಂದ ರಾಮರಾಯನ ಚಾತುರ್ಯವೇ ಅವರನ್ನು ಒಂದುಗೂಡಿಸಿತು ಎಂಬುದು ಅವನಿಗೆ ಪುಸ್ತಕದ ವಾಕ್ಯವಾಗಿ ಉಳಿಯುವುದಿಲ್ಲ. ತಾನೇ ಆಡಿ ನೋಡಿದಾಗ, ಆ ಚಾತುರ್ಯದ ದಾರಿ ಒಂದಷ್ಟು ಸರದಿಯವರೆಗೆ ಎಷ್ಟು ಲಾಭದ್ದಾಗಿತ್ತು ಎಂಬುದೂ ಗೊತ್ತಾಗುತ್ತದೆ. ಲಾಭ ಬರುತ್ತಿದ್ದ ದಾರಿಯನ್ನು ಬಿಡು ಎಂದು ಆ ಹೊತ್ತಿನಲ್ಲಿ ಯಾರು ಹೇಳಿಯಾರು? ಹಾಗೆಂದು ಸುಲ್ತಾನರ ದಂಡು ವಿಜಯನಗರವನ್ನು ತಿಂಗಳುಗಟ್ಟಲೆ ಸೂರೆ ಮಾಡಿದ್ದು ಈ ಪಟ್ಟಿಯಿಂದ ಹಗುರವಾಗುವುದಿಲ್ಲ. ಕದನ ಗೆದ್ದ ಮೇಲೆ ಊರು ಸುಡುವುದು ಇನ್ನೊಂದು ಸರದಿ, ಇನ್ನೊಂದು ಆಯ್ಕೆ. ಆ ಆಯ್ಕೆಯ ಎದುರು ಅದನ್ನು ಮಾಡಿದವರ ಹೆಸರೇ ಇರಬೇಕು.

ಎಲ್ಲರಿಗೂ ಸ್ಥಾನ ಕೊಡಬೇಕು ಎಂದೆ. ಸ್ಥಾನಗಳಿಗೆ ಮಿತಿಯಿದೆ ಎಂಬುದು ಮುಂದಿನ ಕಷ್ಟ. ಸಿವಿಲೈಸೇಶನ್‌ನ ಎರಡನೆಯ ಆಟದಲ್ಲಿ ಒಟ್ಟು ಏಳು ಜನಾಂಗಗಳಿಗೆ ಮಾತ್ರ ಜಾಗ. ಇಡೀ ಯುರೋಪನ್ನೋ ಏಷ್ಯಾವನ್ನೋ ಏಳರಲ್ಲಿ ಹಿಡಿಸಬೇಕಾದವನು ನಾರ್ವೆಯನ್ನೂ ಗ್ರೀಸನ್ನೂ ಒಂದೇ ಬಣ್ಣದಡಿ ‘ತಟಸ್ಥರು’ ಎಂದು ಕೂಡಿಹಾಕಬೇಕಾದೀತು. ಒಬ್ಬರ ಮೇಲೆ ಯುದ್ಧ ಸಾರಿದರೆ ಎಲ್ಲರ ಮೇಲೂ ಸಾರಿದಂತೆ. ಏಳರ ಆಚೆ ಇರುವುದು ಎಂಟನೆಯದು, ಕೆಂಪು ಬಣ್ಣದ್ದು. ಆಟ ಅವರಿಗಿಟ್ಟ ಹೆಸರು ಬರ್ಬರರು. ಅವರೊಡನೆ ಮಾತುಕತೆಯಿಲ್ಲ, ಸಂಧಿಯಿಲ್ಲ, ಅವರಿಗೆ ರಾಜಧಾನಿಯಿಲ್ಲ. ಎಲ್ಲಿಂದಲೋ ಬರುತ್ತಾರೆ, ಹೊಡೆಯುತ್ತಾರೆ. ದಂಗೆಯೆದ್ದ ರೈತರನ್ನು, ಗುಡ್ಡಗಾಡಿನ ಜನರನ್ನು, ಗೆರಿಲ್ಲಾಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಕಟ್ಟುವವನ ಕೈ ತಾನಾಗಿ ಆ ಕೆಂಪು ಬಣ್ಣದ ಕಡೆಗೆ ಹೋಗುತ್ತದೆ. ತಾಂತ್ರಿಕವಾಗಿ ಅದೇ ಅನುಕೂಲ. ಆದರೆ ಆ ಅನುಕೂಲ ಹೊಸದಲ್ಲ. ಮಾತಾಡಲು ಬಾರದವರು ಎಂದು ಒಂದು ಗುಂಪನ್ನು ಕರೆದ ಮೇಲೆ ಅವರ ಮಾತು ಕೇಳುವ ಗೋಜಿಲ್ಲ; ದೊರೆಗಳ ದಫ್ತರಗಳಲ್ಲೂ ಇದೇ ನಡೆದು ಬಂದದ್ದು.

ಕೆಲವೊಮ್ಮೆ ಸ್ಥಾನ ಸಿಕ್ಕರೂ ನ್ಯಾಯ ಸಿಕ್ಕಂತಾಗುವುದಿಲ್ಲ. ಕೆನಡಾದ ಕ್ರೀ ಜನಾಂಗದ ನಾಯಕ ಪೌಂಡ್‌ಮೇಕರ್ 1885ರಲ್ಲಿ ರಾಜದ್ರೋಹದ ಅಪರಾಧಿ ಎಂದು ಶಿಕ್ಷೆಗೆ ಒಳಗಾದವನು. ಸಿವಿಲೈಸೇಶನ್‌ನ ಆರನೆಯ ಆಟ 2018ರಲ್ಲಿ ಅವನನ್ನು ನಾಯಕರ ಸಾಲಿಗೆ ಸೇರಿಸಿತು. ಪೌಂಡ್‌ಮೇಕರ್ ಕ್ರೀ ಸಮುದಾಯದ ಮುಖಂಡ ಮಿಲ್ಟನ್ ಟೂಟೂಸಿಸ್ ಇದಕ್ಕೆ ಆಕ್ಷೇಪ ಎತ್ತಿದರು. ನೆಲ ಹಿಡಿಯುವುದು, ಬೇರೆಯವರನ್ನು ಸೋಲಿಸಿ ಬೆಳೆಯುವುದು, ಇದೇ ಎಲ್ಲರ ಗುರಿ ಎಂದು ಆಟ ಹೇಳುತ್ತದೆ, ತಮ್ಮ ಹಿರಿಯರ ಲೋಕದೃಷ್ಟಿ ಅದಾಗಿರಲಿಲ್ಲ ಎಂಬುದು ಅವರ ಮಾತಿನ ತಿರುಳು. ಮರುವರ್ಷ, 2019ರಲ್ಲಿ, ಕೆನಡಾ ಸರ್ಕಾರ ಪೌಂಡ್‌ಮೇಕರ್‌ನನ್ನು ಅಧಿಕೃತವಾಗಿ ದೋಷಮುಕ್ತನೆಂದು ಸಾರಿತು. ಆಟದ ಕಂಪನಿಯದು ಗೌರವದ ಉದ್ದೇಶವೇ ಇರಬಹುದು. ಆದರೆ ಸ್ಥಾನ ಕೊಡುವುದರ ಜೊತೆಗೆ ಗುರಿಯನ್ನೂ ತಾನೇ ಕೊಟ್ಟರೆ, ಅತಿಥಿಯನ್ನು ಕರೆದು ನಮ್ಮ ಮಾತನ್ನೇ ಅವರ ಬಾಯಲ್ಲಿ ಆಡಿಸಿದಂತೆ.

ಇನ್ನು ಸ್ಥಾನವೇ ಇಲ್ಲದವರು. ಸಿವಿಲೈಸೇಶನ್‌ನ ಎರಡನೆಯ ಆಟದಲ್ಲಿ ಪ್ರತಿ ಊರಿಗೂ ಒಂದು ಗಾತ್ರದ ಅಂಕಿಯಿದೆ. ಗಾತ್ರ 1 ಎಂದರೆ 10,000 ಜನ, 2 ಎಂದರೆ 30,000, 3 ಎಂದರೆ 60,000. ಲೆಕ್ಕ ಹೀಗೇ ಏರುತ್ತ 9ಕ್ಕೆ 4,50,000, 10ಕ್ಕೆ 5,50,000 ಆಗುತ್ತದೆ. ಊರಿನ ಕಣಜ ಬರಿದಾದರೆ ಗಾತ್ರ ಒಂದು ಇಳಿಯುತ್ತದೆ. ಹತ್ತರಿಂದ ಒಂಬತ್ತಕ್ಕೆ ಇಳಿದ ಊರಿನಲ್ಲಿ ಒಂದು ಲಕ್ಷ ಜನ ಇಲ್ಲವಾದರು. ಆಟಗಾರನಿಗೆ ಬರುವುದು ಒಂದು ಸಾಲಿನ ಸೂಚನೆ. ಗುಂಡಿ ಒತ್ತಿ ಮುಂದೆ ಹೋಗುತ್ತಾನೆ. ಭೂಪಟದಲ್ಲಿ ಊರಿನ ಪಕ್ಕದ ಚೌಕಕ್ಕೆ ನೀರು ಹರಿಸಿದರೆ ಕೆಲವು ಸರದಿಯಲ್ಲಿ ಆ ಲಕ್ಷ ಜನ ಮತ್ತೆ ಹುಟ್ಟುತ್ತಾರೆ. ನಾಲ್ಕನೆಯ ಆಟದಲ್ಲಿ ಗುಲಾಮಗಿರಿ ಎಂಬ ನೀತಿಯನ್ನು ಆರಿಸಿಕೊಂಡರೆ ಊರಿನ ಜನಸಂಖ್ಯೆಯನ್ನು ಬಲಿಕೊಟ್ಟು ಅರೆಬರೆಯಾದ ಕಟ್ಟಡವನ್ನು ಒಡನೆ ಮುಗಿಸಬಹುದು. ಪಳಗಿದ ಆಟಗಾರರು ಅದನ್ನು ಚಾಟಿ ಎಂದೇ ಕರೆಯುತ್ತಾರೆ. ಎಷ್ಟನೆಯ ಸರದಿಯಲ್ಲಿ ಬೀಸಿದರೆ ಲಾಭ ಹೆಚ್ಚು ಎಂಬ ಲೆಕ್ಕವೂ ಅವರ ಬಳಿ ಇದೆ. ಆ ಕ್ರೌರ್ಯವನ್ನು ಊರು ನೆನಪಿಟ್ಟುಕೊಳ್ಳುವುದು, ಸಾಮಾನ್ಯ ವೇಗದ ಆಟದಲ್ಲಿ, ಹತ್ತು ಸರದಿ.

ಇಂಥ ಕಡೆ ಸಿನಾರಿಯೊ ಕಟ್ಟುವವನಿಗೆ ಒಂದು ದೊಡ್ಡ ಆಯ್ಕೆ ಎದುರಾಗುತ್ತದೆ. ಎರಡನೆಯ ಮಹಾಯುದ್ಧದ ಏಷ್ಯಾ ರಂಗವನ್ನು ಅವನು ಕಟ್ಟುತ್ತಿದ್ದಾನೆ ಎಂದುಕೊಳ್ಳಿ. 1943ರ ಬಂಗಾಳದ ಬರಗಾಲ ಅವನ ಭೂಪಟದಲ್ಲೇ ನಡೆಯಬೇಕು. ಸತ್ತವರು ಸುಮಾರು 15 ಲಕ್ಷ ಎಂದು ಸರ್ಕಾರವೇ ನೇಮಿಸಿದ್ದ ವಿಚಾರಣಾ ಆಯೋಗ 1945ರಲ್ಲಿ ಅಂದಾಜು ಮಾಡಿತು. ಆಮೇಲಿನ ಅಂದಾಜುಗಳು 30 ಲಕ್ಷದವರೆಗೂ ಹೋಗುತ್ತವೆ. ಘಟನೆಗಳ ಫೈಲಿನಲ್ಲಿ ಇದನ್ನು ಬರೆಯಲು ಎರಡು ದಾರಿಗಳಿವೆ. ಒಂದು ಸುಲಭದ್ದು: ಇಂಥ ಸರದಿ ಬಂದಾಗ ಬಂಗಾಳದಲ್ಲಿ ಬರ ಎಂಬ ಸುದ್ದಿ ಬರಲಿ, ಗದ್ದೆಯ ಚೌಕಗಳು ಬಂಜರಾಗಲಿ. ತಾರೀಖು ಬಂತು, ಜನ ಸತ್ತರು. ಯಾರನ್ನೂ ಕೇಳುವ ಹಾಗಿಲ್ಲ.

ಇನ್ನೊಂದು ದಾರಿಗೆ ಓದು ಬೇಕು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾಗಿ ಬರ್ಮಾದ ಅಕ್ಕಿ ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮೇದಿನೀಪುರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಇವೆರಡನ್ನೂ ತಾರೀಖಿಗೆ ಕಟ್ಟಿ ಇಡಬಹುದು; ಬಂಗಾಳದ ಸರ್ಕಾರ ಮನಸ್ಸು ಮಾಡಿದ್ದರೂ ಇವು ನಿಲ್ಲುತ್ತಿರಲಿಲ್ಲ. ಆದರೆ ಜಪಾನೀಯರ ಕೈಗೆ ಸಿಗಬಾರದೆಂದು ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿದ್ದು, ಹತ್ತಕ್ಕಿಂತ ಹೆಚ್ಚು ಜನ ಹಿಡಿಸುವ ದೋಣಿಗಳನ್ನು ಸಾವಿರಗಟ್ಟಲೆ ವಶಪಡಿಸಿಕೊಂಡದ್ದು ಅಥವಾ ನಾಶ ಮಾಡಿದ್ದು, ಇವು ಗಾಳಿಮಳೆಯ ಕೆಲಸವಲ್ಲ. ಕಚೇರಿಯಲ್ಲಿ ಕೂತು ಸಹಿ ಹಾಕಿದ ಆದೇಶಗಳು. ಹೊಳೆ-ಕಾಲುವೆಗಳ ನಾಡಿನಲ್ಲಿ ದೋಣಿ ಹೋದ ಮೇಲೆ ಮೀನುಗಾರನಿಗೆ ಕಸುಬಿಲ್ಲ, ಭತ್ತಕ್ಕೆ ಪೇಟೆಯಿಲ್ಲ. ಊಟ ಇದ್ದೂ ಕೊಳ್ಳುವ ಶಕ್ತಿಯಿಲ್ಲದೆ ಜನ ಹೇಗೆ ಸಾಯುತ್ತಾರೆ ಎಂಬುದನ್ನು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಇದೇ ಬಂಗಾಳವನ್ನು ಮುಂದಿಟ್ಟುಕೊಂಡು ತೋರಿಸಿದರು. ಹೀಗಾಗಿ ಪ್ರಾಮಾಣಿಕವಾಗಿ ಕಟ್ಟುವವನು ದೋಣಿಗಳ ವಿಷಯವನ್ನು ಬ್ರಿಟಿಷ್ ಬದಿಯ ಆಟಗಾರನ ಕೈಯಲ್ಲಿಡಬೇಕು. ಆಟದಲ್ಲಿ ಅದಕ್ಕೊಂದು ಉಪಾಯವೂ ಇದೆ: ಭೂಪಟದ ಮೂಲೆಯಲ್ಲಿ ಕದಲದ ಒಂದು ಯೂನಿಟ್ ನಿಲ್ಲಿಸಿ, ಅದನ್ನು ಆಟಗಾರ ಹೊಡೆದರೆ ಆದೇಶ ಹೊರಟಂತೆ, ಹೊಡೆಯದಿದ್ದರೆ ಇಲ್ಲ ಎಂದು ಗೊತ್ತುಮಾಡುವುದು. ಹೊಡೆದರೆ ಜಪಾನಿನ ದಾಳಿಗೆ ಅಡ್ಡಿ ಹೆಚ್ಚು, ಊರುಗಳ ಕಣಜ ಬರಿದು. ಹೊಡೆಯದಿದ್ದರೆ ಗಂಡಾಂತರ ಬೇರೆ. ಯಾವುದನ್ನೇ ಮಾಡಿದರೂ ಮಾಡಿದವನು ಆಟಗಾರ.

ಎರಡೂ ಸಿನಾರಿಯೊಗಳಲ್ಲಿ ಸಾವಿನ ಲೆಕ್ಕ ಒಂದೇ ಇರಬಹುದು. ಆದರೆ ಮೊದಲನೆಯದು ಎಲ್ಲರನ್ನೂ ಖುಲಾಸೆ ಮಾಡುತ್ತದೆ. ಎರಡನೆಯದು ಹೊಣೆಗಾರನನ್ನು ಹುಡುಕಿ ನಿಲ್ಲಿಸುತ್ತದೆ. ಯಾವುದನ್ನು ತಾರೀಖಿಗೆ ಕಟ್ಟಬೇಕು, ಯಾವುದನ್ನು ಮನುಷ್ಯನ ಇಚ್ಛೆಗೆ ಬಿಡಬೇಕು ಎಂಬ ತೀರ್ಮಾನದಲ್ಲೇ ಕಟ್ಟುವವನ ನೀತಿಯೆಲ್ಲ ಇದೆ. ಚರಿತ್ರೆ ಬರೆಯುವವರೂ ಹೇಳುವವರೂ ದಿನವೂ ಇದೇ ತೀರ್ಮಾನ ಮಾಡುತ್ತಿರುತ್ತಾರೆ, ಆದರೆ ಅವರದು ವಾಕ್ಯಗಳ ನಡುವೆ ಮರೆಯಾಗಿರುತ್ತದೆ. ‘ಬರ ಬಂತು’, ‘ಗಲಭೆ ಭುಗಿಲೆದ್ದಿತು’, ‘ಕಾಲ ಹಾಗಿತ್ತು’ ಎನ್ನುವಾಗ ಕರ್ತೃ ಎಲ್ಲಿ ಹೋದ ಎಂದು ಓದುಗ ಕೇಳುವುದಿಲ್ಲ. ಘಟನೆಗಳ ಫೈಲಿನಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗದು. ಷರತ್ತಿನ ಸಾಲು ಖಾಲಿ ಬಿಟ್ಟರೆ ಘಟನೆ ನಡೆಯುವುದೇ ಇಲ್ಲ.

ಕಟ್ಟುವವನಿಗೆ ಇಷ್ಟು ಹೊಣೆಯಾದರೆ ಆಡುವವನಿಗೂ ಒಂದಿದೆ. ಈ ಹಳೆಯ ಆಟಗಳಲ್ಲಿ ಯಂತ್ರ ಆಡುವ ಎದುರಾಳಿ ಅಷ್ಟೇನೂ ಚುರುಕಲ್ಲ. ಅದನ್ನು ಮಣಿಸುವ ಅಡ್ಡದಾರಿಗಳು ಎಲ್ಲರಿಗೂ ಗೊತ್ತು. ಅದಕ್ಕೇ ಸಿನಾರಿಯೊ ಜೊತೆಗೆ ಬರುವ ವಿವರಣೆಯಲ್ಲಿ ಕರ್ತೃ ಕೆಲವು ಮನೆಯ ನಿಯಮಗಳನ್ನು ಬರೆದಿಡುತ್ತಾನೆ. ಈ ತಟಸ್ಥ ದೇಶದ ಮೇಲೆ ನೀವಾಗಿ ಯುದ್ಧ ಸಾರಬೇಡಿ, ಗೂಢಚಾರನ ಕೈಲಿ ಹಣ ಕೊಟ್ಟು ಊರುಗಳನ್ನೇ ಕೊಂಡುಕೊಳ್ಳಬೇಡಿ, ಇಂಥ ಬೇಡಿಕೆಗಳು. ಯಂತ್ರ ಇವನ್ನು ಜಾರಿ ಮಾಡುವುದಿಲ್ಲ. ಮುರಿದರೆ ದಂಡವಿಲ್ಲ, ಪಾಲಿಸಿದರೆ ಬಹುಮಾನವಿಲ್ಲ, ನೋಡುವವರು ಯಾರೂ ಇಲ್ಲ. ಒಂದು ಸೋಜಿಗವೆಂದರೆ, ಸಿನಾರಿಯೊ ಕಟ್ಟುವ ಸಲಕರಣೆಗಳೆಲ್ಲ ಇರುವುದು ಆ ಆಟದ ಚೀಟ್ ಮೆನುವಿನಲ್ಲೇ. ಊರನ್ನು ಎತ್ತಿಡಲು, ಸೈನ್ಯ ಹುಟ್ಟಿಸಲು, ಖಜಾನೆ ತುಂಬಲು ಯಾವ ಗುಂಡಿಯೋ, ಮೋಸ ಮಾಡಲೂ ಅದೇ ಗುಂಡಿ. ಆಟ ಶುರುವಾಗುವ ಮೊದಲು ಎಲ್ಲರಿಗೂ ಕಾಣುವಂತೆ ಒತ್ತಿದರೆ ಅದು ರಚನೆ. ನಡುವೆ, ತನಗೆ ಬೇಕಾದ ಹಾಗೆ ಒತ್ತಿದರೆ ವಂಚನೆ.

ನಡುವೆ ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ಕಂಪ್ಯೂಟರಿಗಿಂತ ಹಿಂದಿನ ಒಂದು ಪ್ರಸಂಗವಿದೆ. ಮಿಡ್‌ವೇ ದಾಳಿಗೆ ಮುಂಚೆ, 1942ರ ಮೇ ತಿಂಗಳಲ್ಲಿ, ಜಪಾನಿನ ನೌಕಾಪಡೆ ಯಮಾಟೊ ಹಡಗಿನಲ್ಲಿ ಮೇಜಿನ ಮೇಲೆ ಆ ಕದನವನ್ನು ಆಡಿ ನೋಡಿತು. ಆ ನೌಕಾಪಡೆಯ ಅಧಿಕಾರಿಯಾಗಿದ್ದ ಮಿಟ್ಸುವೊ ಫುಚಿದಾ ಬರೆದಿರುವಂತೆ, ತೀರ್ಪುಗಾರರು ನಿಯಮದ ಪ್ರಕಾರ ಒಂಬತ್ತು ಬಾಂಬು ತಗುಲಿದವೆಂದರು. ಅಕಾಗಿ ಮತ್ತು ಕಾಗಾ ಎಂಬ ಎರಡು ವಿಮಾನವಾಹಕ ಹಡಗುಗಳು ಮುಳುಗಬೇಕಿತ್ತು. ಆಟದ ಮೇಲ್ವಿಚಾರಣೆ ನೋಡುತ್ತಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಆಗಲೂ ಮುಳುಗಿದ್ದ ಕಾಗಾ ಕೂಡ ಆಮೇಲೆ ಮುಂದಿನ ಹಂತದ ಆಟಕ್ಕೆ ತೇಲಿ ಬಂತು. ಅದೇ ವರ್ಷದ ಜೂನ್ 4ರಂದು ನಿಜವಾದ ಸಮುದ್ರದಲ್ಲಿ ಎರಡೂ ಹಡಗುಗಳು ಬಾಂಬಿಗೆ ಸಿಕ್ಕವು, ಎರಡೂ ಉಳಿಯಲಿಲ್ಲ. ಮೇಜಿನ ಮೇಲೆ ಆಡಿದ್ದರಿಂದ ಸೋತರು ಎಂದು ಯಾರೂ ಹೇಳುವುದಿಲ್ಲ. ಆದರೆ ಬೇಡದ ಉತ್ತರವನ್ನು ಅಳಿಸುವ ಅಧಿಕಾರ ಇದ್ದವನಿಗೆ ಆಟ ಏನನ್ನೂ ಕಲಿಸಲಾರದು. ಮೇಜಿನ ಸುತ್ತ ಕೂತಿದ್ದವರಲ್ಲಿ ಆ ಅಳಿಸುವಿಕೆಯನ್ನು ಕಂಡೂ ಸುಮ್ಮನಿದ್ದವರಿಗೂ ಕಲಿಸಲಾರದು.

ಸತ್ತವರನ್ನು ಆಟಿಕೆ ಮಾಡಿಕೊಳ್ಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಿಟ್ಲರನ ಬದಿಯಲ್ಲಿ ಕೂತು ಗೆಲ್ಲಲು ತವಕಿಸುವ ಸಂಜೆಯೊಂದು ನಿರ್ದೋಷಿಯಾದ ಸಂಜೆ ಎಂದು ನಾನು ಹೇಳಲಾರೆ. ಬಹುಪಾಲು ಯುದ್ಧದ ಸಿನಾರಿಯೊಗಳು ಕಾಲ್ದಳದ ಪ್ರತಿ ವಿಭಾಗವನ್ನೂ ಹೆಸರಿಟ್ಟು ಕೂರಿಸುತ್ತವೆ, ಯಾತನಾಶಿಬಿರಗಳ ಚೌಕವನ್ನು ಖಾಲಿ ಬಿಡುತ್ತವೆ. ಖಾಲಿ ಬಿಟ್ಟರೆ ಸುಳ್ಳು. ತುಂಬಿದರೆ ಅದನ್ನೂ ಅಂಕಿಯಾಗಿಸಿದ ಪಾಪ. 1994ರಲ್ಲಿ ಬಂದ ಕಾಲೊನೈಸೇಶನ್ ಆಟ ಅಮೆರಿಕದ ವಸಾಹತು ಕಥೆಯನ್ನು ಆಫ್ರಿಕಾದ ಗುಲಾಮರಿಲ್ಲದೆಯೇ ಹೇಳಿ ಮುಗಿಸಿತ್ತು. ಕೆಲವು ಸಂಗತಿಗಳು ಆಟಕ್ಕೆ ಒಗ್ಗುವುದಿಲ್ಲ. ಒಗ್ಗುವುದಿಲ್ಲವೆಂದು ವಿವರಣೆಯಲ್ಲಿ ಬಾಯಿಬಿಟ್ಟು ಹೇಳುವವನು, ಇರಲೇ ಇಲ್ಲವೆಂಬಂತೆ ದಾಟಿಹೋಗುವವನಿಗಿಂತ ಮೇಲು. ತನ್ನ ಭೂಪಟದ ಅಂಚು ಎಲ್ಲಿದೆ ಎಂದು ಗೊತ್ತಿರುವವನನ್ನು ನಂಬಬಹುದು.

ನಾಲ್ಕನೆಯ ಸಿವಿಲೈಸೇಶನ್‌ಗೆ ಹವ್ಯಾಸಿಯೊಬ್ಬರು ಕಟ್ಟಿದ, 2007ರಲ್ಲಿ ಕಂಪನಿಯೇ ತನ್ನ ವಿಸ್ತರಣೆಯ ಜೊತೆ ಸೇರಿಸಿಕೊಂಡ ‘ರೈಸ್ ಅಂಡ್ ಫಾಲ್ ಆಫ್ ಸಿವಿಲೈಸೇಶನ್’ ಎಂಬ ಮಾಡ್, ಅಂದರೆ ಮೂಲ ಆಟವನ್ನೇ ತಿದ್ದಿ ಕಟ್ಟಿದ ಆಟ, ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಎಲ್ಲರೂ ಒಟ್ಟಿಗೆ ಹುಟ್ಟುವುದಿಲ್ಲ; ಪ್ರತಿ ನಾಗರಿಕತೆಯೂ ಚರಿತ್ರೆಯಲ್ಲಿ ತಾನು ಕಾಣಿಸಿಕೊಂಡ ಹೊತ್ತಿಗೆ ಹುಟ್ಟುತ್ತದೆ, ಅಳತೆ ಮೀರಿ ಹಬ್ಬಿದ್ದು ಕುಸಿಯುತ್ತದೆ. ನಿಮ್ಮದೇ ನೆಲದಲ್ಲಿ ಹೊಸಬರು ಹುಟ್ಟಿದಾಗ ಆಟ ನಿಂತು ಕೇಳುತ್ತದೆ: ಹಳೆಯದರಲ್ಲೇ ಇರುವಿರೋ, ಹೊಸಬರ ಬದಿಗೆ ಹೋಗುವಿರೋ? ಒಂದು ಗಳಿಗೆಯ ಹಿಂದೆ ನಮ್ಮ ಪ್ರಾಂತ್ಯ ಎಂದುಕೊಂಡಿದ್ದದ್ದು ಬೇರೆಯವರ ತಾಯ್ನೆಲ ಎಂದು ಒಪ್ಪಿಕೊಂಡು ಆಡಬೇಕು. ಸಾಮ್ರಾಜ್ಯಗಳ ಬಗ್ಗೆ ಹೆಮ್ಮೆಪಡುವ ಎಲ್ಲರಿಗೂ ಆ ಪ್ರಶ್ನೆ ಒಮ್ಮೆ ಬರಬೇಕು.

ಚರಿತ್ರೆಯನ್ನು ವಿಧಿಯಾಗಿ ಓದಿದರೆ ಎಲ್ಲರೂ ಬಿಡುಗಡೆ. ಮೂರ್ಖರ ಸಾಲಾಗಿ ಓದಿದರೆ ಎಲ್ಲರಿಗೂ ಶಿಕ್ಷೆ. ಎರಡೂ ಓದಿನಲ್ಲಿ ನಮಗೆ ಕೆಲಸವಿಲ್ಲ. ಬೇರೆ ದಾರಿ ಇತ್ತು, ಆದರೆ ಅದು ಕಾಣುವಷ್ಟು ಬೆಳಕು ಇತ್ತೇ, ಹೋಗುವಷ್ಟು ಕಸುವು ಇತ್ತೇ ಎಂದು ಒಬ್ಬೊಬ್ಬರ ವಿಷಯದಲ್ಲೂ ಬೇರೆಬೇರೆಯಾಗಿ ನೋಡುವುದು ಮೂರನೆಯ ಓದು. ಅದು ನಿಧಾನದ್ದು, ಬೇಸರ ಬರಿಸುವಂಥದ್ದು. ಸಿನಾರಿಯೊ ಕಟ್ಟುವವರ ನೋಟ್‌ಪ್ಯಾಡಿನ ಸಾಲುಗಳ ಹಾಗೆ, ಒಂದನ್ನೂ ಬಿಡದೆ ತುಂಬಬೇಕಾದದ್ದು. ಹಿಂದಿನವರು ಹೀಗೆ ಮಾಡಬೇಕಿತ್ತು ಎನ್ನುವ ಯಾರೇ ಆಗಲಿ ಮೊದಲು ಆ ಆರಂಭದ ಪಟ್ಟಿ ಹಾಕಿ ತೋರಿಸಲಿ: ಆ ದಿನ ಬೆಳಿಗ್ಗೆ ಅವರ ಕೈಯಲ್ಲಿ ಏನಿತ್ತು, ಕಿವಿಗೆ ಏನು ಬಿದ್ದಿತ್ತು, ಬೆನ್ನ ಹಿಂದೆ ಯಾರಿದ್ದರು. ಪಟ್ಟಿ ಹಾಕಿ ಮುಗಿಸಿದ ಮೇಲೂ ಮಾಡಿದ್ದು ತಪ್ಪೆಂದೇ ಕಂಡರೆ, ತಪ್ಪೆಂದು ಹೇಳುವ ಹಕ್ಕು ಆಗ ಅವರಿಗಿದೆ. ಹೇಳಲೇಬೇಕಾದ ಹೊಣೆಯೂ ಇದೆ.